ಅಂಗೈಯ ಗುಮಾಸ್ತ

ಬಣ್ಣದ ಕಂಪನಿ ಆ ವರ್ಷ ಭಾವನಿಗೆ ಬಹುಮಾನ ಕೊಟ್ಟದ್ದೇ ತಪ್ಪಾಯಿತು. ಗೋಡೆ ಗಡಿಯಾರ ಕೊಟ್ಟಿದ್ದರೆ ಮೊಳೆ ಹೊಡೆದು ತೂಗುಹಾಕಿ ಮರೆಯಬಹುದಿತ್ತು. ತಟ್ಟೆ ಲೋಟಗಳ ಸೆಟ್ ಕೊಟ್ಟಿದ್ದರೆ ಅಕ್ಕ ಬೀರುವಿನ ಮೇಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದಳು. ಅವರು ಕೊಟ್ಟದ್ದು ಅಂಗೈಯಗಲದ ಒಂದು ಬೂದು ಯಂತ್ರ. ಅದಕ್ಕೊಂದು ಗಾಜಿನ ಮುಖ, ಕೆಳಗೆ ನಾಲ್ಕು ಗುಂಡಿ, ಬೆನ್ನಿಗೆ ಸಿಕ್ಕಿಸಿದ ಒಂದು ಪ್ಲಾಸ್ಟಿಕ್ ಕಡ್ಡಿ. ಅಂಗಡಿ ಅಂಗಡಿ ಸುತ್ತಿ ಬಣ್ಣದ ಡಬ್ಬಿಗಳ ಆರ್ಡರ್ ಹಿಡಿಯುವುದು ಭಾವನ ಕೆಲಸ. ಅದು ಕೈಗೆ ಬಂದ ಮೇಲೆ ಅವರು ನೆಲ ಬಿಟ್ಟು ನಡೆಯತೊಡಗಿದರು.

“ಇದು ಬರೀ ಆಟದ ಸಾಮಾನಲ್ಲ ಕಣೇ, ಆರ್ಗನೈಸರ್,” ಅಂದರು ಮೊದಲ ದಿನ. “ನನ್ನ ಗುಮಾಸ್ತ ಅಂತ ತಿಳ್ಕೋ. ವಿಳಾಸ, ಫೋನ್ ನಂಬರು, ಯಾರನ್ನ ಯಾವಾಗ ನೋಡಬೇಕು, ಲೆಕ್ಕ, ಅಲಾರಂ, ಎಲ್ಲ ಇದರ ಹೊಟ್ಟೆಯಲ್ಲಿದೆ.”

“ನಮ್ಮ ಹೊಟ್ಟೆಗೆ ಏನು ತಂದ್ರಿ? ತರಕಾರಿ ತನ್ನಿ ಅಂದಿದ್ದೆ,” ಅಂದಳು ಅಕ್ಕ.

“ಅದನ್ನ ಇದರಲ್ಲೇ ಬರ್ಕೊಂಡಿದ್ದೆ.”

“ಮತ್ತೆ?”

“ನೋಡೋಕೆ ಮರೆತೆ.”

ಹಾಲಿನ ಮೂಲೆಯಲ್ಲಿ ಹೊಲಿಗೆ ಮಷಿನ್ನಿನ ಹಿಂದೆ ಕೂತಿದ್ದ ತಂಗಿ ನಗು ತಡೆಯಲಾರದೆ ದಾರ ಕಚ್ಚಿದಳು. ಅವಳು ನಗುವುದೂ ಹಾಗೆಯೇ, ಯಾರಿಗೂ ಕೇಳದಂತೆ. ಶಾಲೆಯನ್ನು ನಡುವೆಯೇ ಬಿಟ್ಟು ಅಕ್ಕನ ಮನೆ ಸೇರಿದವಳು. ಹೊರಗಿನವರು ಬಂದರೆ ಮಷಿನ್ನಿನ ಹಿಂದೆ ಇನ್ನಷ್ಟು ಕುಗ್ಗುವಳು. ಭಾವ ಅವಳಿಗೆ ಮೌನಗೌರಿ ಎಂದು ಹೆಸರಿಟ್ಟಿದ್ದರು. ಬಾಯಿಗೆ ಕೆಲಸವಿಲ್ಲದಿದ್ದರೂ ಅವಳ ಕಣ್ಣು, ಕಿವಿ ಸುಮ್ಮನಿರುತ್ತಿರಲಿಲ್ಲ.

ಆ ಕಣ್ಣಿಗೆ ಗುಮಾಸ್ತನ ಚೆಲುವೆಲ್ಲ ಒಂದು ವಾರದಲ್ಲೇ ಕಂಡಿತು. ಅದಕ್ಕೆ ಕನ್ನಡ ಬಾರದು. ಇಂಗ್ಲಿಷ್ ಬರುತ್ತದೆ, ಆದರೆ ಲೋಕದವರೆಲ್ಲ ಬರೆಯುವ ಇಂಗ್ಲಿಷ್ ಅಲ್ಲ. ಗಾಜಿನ ಮೇಲೆ ಕಡ್ಡಿ ಎತ್ತದೆ, ಅದು ಹೇಳಿದ ಹಾಗೆ ಬಾಗಿಸಿ, ಒಂದೊಂದೇ ಅಕ್ಷರ ಗೀಚಬೇಕು. ಭಾವ ರಾತ್ರಿ ಊಟ ಮುಗಿಸಿ, ನಾಲಿಗೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ತಿದ್ದುತ್ತಿದ್ದರು. ಅಕ್ಷರ ಒಪ್ಪಿಗೆಯಾಗದಿದ್ದರೆ ಅದು ‘ಟುಯ್’ ಎಂದು ಗದರುತ್ತಿತ್ತು. ನಲವತ್ತು ದಾಟಿದ ಗಂಡಸು, ಮನೆಯ ಯಜಮಾನ, ಒಂದು ಡಬ್ಬಿಯಿಂದ ಬೈಸಿಕೊಂಡು ಮತ್ತೆ ತಿದ್ದುವರು. ತರಕಾರಿಯ ಹೆಸರು ಚೀಟಿಯಲ್ಲಿ ಬರೆಯಲು ಬೇಕಾದಷ್ಟು ಹೊತ್ತಿನಲ್ಲಿ ಅದು ಎಚ್ಚರವಾಗುತ್ತಿತ್ತು, ಅಷ್ಟೆ. ಬ್ಯಾಟರಿ ಮುಗಿಯುತ್ತಾ ಬಂತೆಂದರೆ ಮನೆಯಲ್ಲಿ ಮಗುವಿಗೆ ಜ್ವರ ಬಂದಷ್ಟು ಗಡಿಬಿಡಿ. ಬ್ಯಾಟರಿ ಪೂರ್ತಿ ಸತ್ತರೆ ಒಳಗಿನದೆಲ್ಲ ಅಳಿಸಿಹೋಗುತ್ತದಂತೆ.

“ಹಸಿವಾದ್ರೆ ನೆನಪು ಹೋಗುತ್ತಾ ಅದಕ್ಕೆ?” ಅಂದಳು ಅಕ್ಕ. “ನಿಮಗೆ ಹೊಟ್ಟೆ ತುಂಬಿದ ಮೇಲೆ ಹೋಗುತ್ತೆ. ಒಳ್ಳೆ ಜೋಡಿ.”

ನಗುವುದಕ್ಕೆ ಅಡ್ಡಿಯಿರಲಿಲ್ಲ. ಆದರೆ ಅದೇ ತಿಂಗಳು ಅಕ್ಕತಂಗಿಯರಿಗೆ ನಗೆಯಾಚೆಯ ಚಿಂತೆಯೊಂದಿತ್ತು. ಅವರು ಹೊಲಿಯುತ್ತಿದ್ದದ್ದು ಪರದೆ ಮತ್ತು ಸೋಫಾ ಕವರು. ಹಾಲಿನ ತುಂಬ ಬಟ್ಟೆ. ಮಂಚದ ಮೇಲೆ, ಕುರ್ಚಿಯ ಮೇಲೆ, ಕಿಟಕಿಯ ಸರಳಿಗೆ ಬಟ್ಟೆ. ಕಂಪನಿಯ ದೊಡ್ಡವರು ಮನೆಗೆ ಬಂದಾಗ ಇದೇನು ಅವತಾರ ಎಂದು ಭಾವ ಎಷ್ಟೋ ಸಲ ಗೊಣಗಿದ್ದರು. ಕೊನೆಗೆ ಖಡಾಖಂಡಿತ ಹೇಳಿಬಿಟ್ಟರು: ತಿಂಗಳ ಕೊನೆಗೆ ಮನೆಯ ಹಾಲ್ ಖಾಲಿಯಾಗಬೇಕು. ಬೇರೆ ಜಾಗ ನೋಡಿಕೊಳ್ಳಿ, ಇಲ್ಲವೇ ಮಷಿನ್ ಮಾರಿಬಿಡಿ. ಮಷಿನ್ ಹೋದರೆ ತಂಗಿಗೂ ಅಲ್ಲಿ ಕೆಲಸವಿಲ್ಲ. ಅಣ್ಣನ ಮನೆಗೆ ಹೋಗಿ, ಅತ್ತಿಗೆ ಹೇಳಿದ್ದಕ್ಕೆಲ್ಲ ಹೂಂಗುಟ್ಟಿಕೊಂಡು, ಮಕ್ಕಳ ಮೂಗು ಒರೆಸಿಕೊಂಡಿರಬೇಕು.

ಜಾಗವೂ ಕಣ್ಣಿಗೆ ಬಿದ್ದಿತ್ತು. ಮುಖ್ಯರಸ್ತೆಯ ಫರ್ನಿಚರ್ ಅಂಗಡಿಗೆ ಅಂಟಿಕೊಂಡ ಉದ್ದನೆಯ ಕೋಣೆ. ಅಲ್ಲಿ ಸೋಫಾ ಕೊಂಡವರು ಇಲ್ಲಿ ಕವರು ಹೊಲಿಸಿಕೊಂಡು ಹೋಗುತ್ತಾರೆ; ಇದಕ್ಕಿಂತ ಇನ್ನೇನು ಬೇಕು? ಕೋಣೆ ಒಬ್ಬರು ನಿವೃತ್ತ ಹೆಡ್‌ಮಿಸ್ಟ್ರೆಸ್ಸರದು. ಹೋಗಿ ಮಾತಾಡಿಕೊಂಡು ಬರುತ್ತೇನೆಂದು ಅಕ್ಕ ಚಪ್ಪಲಿ ಮೆಟ್ಟುವಷ್ಟರಲ್ಲಿ ಭಾವ ತಡೆದರು.

“ಬಾಡಿಗೆ ಮಾತು ಅಂದ್ರೆ ಪರದೆಗೆ ಅಂಚು ಹೊಲಿದ ಹಾಗಲ್ಲ. ವ್ಯವಹಾರ ನನಗೆ ಬಿಡಿ. ಅಪಾಯಿಂಟ್‌ಮೆಂಟ್ ತಗೊಂಡು, ಗುಮಾಸ್ತನಲ್ಲಿ ಹಾಕಿ, ನಿಮ್ಮನ್ನ ಕರ್ಕೊಂಡು ಹೋಗ್ತೀನಿ.”

ಅವತ್ತೇ ಹೆಡ್‌ಮಿಸ್ಟ್ರೆಸ್‌ಗೆ ಫೋನ್ ಮಾಡಿದರು. “ಶನಿವಾರ ಮೂರು ಗಂಟೆ, ಆಗಲಿ ಮೇಡಂ, ಖಂಡಿತ,” ಎಂದು ಹೇಳಿದ್ದು ಅಂಚು ಮಡಚುತ್ತಿದ್ದ ತಂಗಿಯ ಕಿವಿಗೆ ಬಿತ್ತು. ಅಕ್ಕ ಒಳಗೆ ಒಗೆಯುತ್ತಿದ್ದಳು. ಭಾವ ಕಡ್ಡಿ ತೆಗೆದು ಗೀಚಿ, ಎರಡು ಸಲ ‘ಟುಯ್’ ಅನ್ನಿಸಿಕೊಂಡು, ಮೂರನೆಯ ಸಲಕ್ಕೆ ಗೆದ್ದರು. ಅಕ್ಕ ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಬಂದರೆ, “ಗೋಡೆ ಮೇಲೆ ಗೀಚೋ ಕಾಲ ಹೋಯ್ತು,” ಎಂದು ಪೆನ್ನು ಕಸಿದುಕೊಂಡರು.

ಮಾರನೆಯ ಸಂಜೆ ಪಕ್ಕದ ಮನೆಯ ಮೆಕ್ಯಾನಿಕ್ ಬಂದ. ಅವನ ತಮ್ಮ ಹಡಗಿನಲ್ಲಿ ಅಡುಗೆಯವನು. ಆ ವಾರ ಯಾವುದೋ ದೂರದ ಬಂದರಿನಲ್ಲಿದ್ದ.

“ನಿಮ್ಮ ತಮ್ಮ ಇರೋ ಕಡೆ ಈಗ ಗಂಟೆ ಎಷ್ಟು ಅಂತ ಹೇಳ್ಲಾ?” ಎಂದು ಭಾವ ತಾವಾಗಿಯೇ ಶುರುಮಾಡಿದರು.

“ಯಾಕೆ ಸಾರ್? ಅವನು ಮಲಗಿದ್ದರೆ ನಾನೇನು ಹೊದಿಸೋಕೆ ಹೋಗ್ಬೇಕಾ?”

“ಇರಪ್ಪ, ನೋಡು.” ಗಾಜಿನ ಮೇಲೆ ಭೂಪಟ ಮೂಡಿತು. ಬಟಾಣಿಯಷ್ಟು ಭೂಮಿಯ ಮೇಲೆ ಭಾವ ಕಡ್ಡಿಯಿಂದ ಆ ಬಂದರನ್ನು ಚುಚ್ಚಿದರು. ಯಂತ್ರ ಇಂಗ್ಲಿಷಿನಲ್ಲಿ ಉದ್ದದ ಪ್ರಶ್ನೆಯೊಂದನ್ನು ಕೇಳಿತು. ಭಾವ ಓದಲಿಲ್ಲ, ಓದಿದರೆ ಮೆಕ್ಯಾನಿಕ್‌ನ ಮುಂದೆ ಗೊತ್ತಿಲ್ಲದವರಂತೆ ಕಾಣುತ್ತಿದ್ದರು. ಒಂದಾದ ಮೇಲೊಂದು ‘ಸರಿ’, ‘ಸರಿ’ ಎಂದು ಒತ್ತಿದರು. “ನೋಡಿದ್ಯಾ? ಅಲ್ಲಿ ನಮಗಿಂತ ಎರಡು ಗಂಟೆ ಮುಂದೆ!”

“ಅಡುಗೆ ಮುಗಿದಿರುತ್ತೆ ಹಾಗಾದ್ರೆ,” ಅಂದ ಮೆಕ್ಯಾನಿಕ್, ಆಕಳಿಸಿ ಎದ್ದುಹೋದ.

ಬೆಳಿಗ್ಗೆ ಗುಮಾಸ್ತನ ಗಡಿಯಾರ ಎರಡು ಗಂಟೆ ಮುಂದೆ ಓಡುತ್ತಿತ್ತು. ಇನ್ನೂ ಕತ್ತಲಿರುವಾಗಲೇ ಅಲಾರಂ ಕೂಗಿ ಮನೆಯವರೆಲ್ಲ ಎದ್ದು ಕೂತರು. ಭಾವ ಮುಖ ಸಣ್ಣದು ಮಾಡಿಕೊಂಡು ಗಂಟೆಯನ್ನು ಹಿಂದಕ್ಕೆ ತಂದರು. ಗಡಿಯಾರ ಸರಿಹೋಯಿತು. ಬಂದರನ್ನು ಚುಚ್ಚಿದಾಗ ಅದು ಇನ್ನೇನೇನು ಮಾಡಿಕೊಂಡಿದೆಯೋ ನೋಡೋಣ ಎಂದು ಅವರಿಗೆ ಅನ್ನಿಸಲಿಲ್ಲ.

ಶನಿವಾರ ಬಂತು. ಊಟವಾದ ಮೇಲೆ ಅಕ್ಕ ಒಳ್ಳೆಯ ಸೀರೆ ಉಟ್ಟು, ಅಳತೆಯ ಟೇಪನ್ನು ಚೀಲಕ್ಕೆ ಹಾಕಿಕೊಂಡು ಕೂತಳು. ಭಾವ ಬನಿಯನ್ನಿನಲ್ಲೇ ಕಾಲು ಚಾಚಿಕೊಂಡು ಗುಮಾಸ್ತನಲ್ಲಿ ಇಟ್ಟಿಗೆ ಜೋಡಿಸುವ ಆಟವಾಡುತ್ತಿದ್ದರು.

ತಂಗಿ ಅಕ್ಕನ ಬಳಿ ಬಂದು ಪಿಸುಗುಟ್ಟಿದಳು. “ಅಕ್ಕಾ, ಮೂರು ಗಂಟೆಗೆ ಅಲ್ವಾ?”

“ರೀ, ಇವಳು ಮೂರು ಗಂಟೆಗೆ ಅಂತಾಳೆ. ಏಳಿ.”

“ಐದಕ್ಕೆ,” ಅಂದರು ಭಾವ. ತಲೆ ಎತ್ತಲಿಲ್ಲ. ಆಮೇಲೆ ಗಾಜನ್ನು ಇಬ್ಬರ ಮುಖಕ್ಕೂ ಹಿಡಿದರು. ಅಲ್ಲಿ ಐದು ಎಂದೇ ಇತ್ತು. “ಮೌನಗೌರಿ ಬಾಯಿ ಬಿಟ್ಟಿದ್ದೇ ಅಪರೂಪ, ಅದೂ ತಪ್ಪು!”

“ಒಂದು ಫೋನ್ ಮಾಡಿ ಕೇಳಿಬಿಡಿ,” ಅಂದಳು ಅಕ್ಕ.

“ಕೊಟ್ಟ ಟೈಮನ್ನ ಮತ್ತೆ ಕೇಳೋದಾ? ನನ್ನ ಮರ್ಯಾದೆ ಏನಾಗ್ಬೇಕು?”

ತಂಗಿ ಮಷಿನ್ನಿನ ಹಿಂದೆ ಹೋಗಿ ಕೂತಳು. ಮೂರು ಎಂದು ಕೇಳಿದ್ದು ಖಂಡಿತ. ಆದರೆ ಗಾಜಿನ ಮೇಲೆ ಐದು ಎಂದು ಅಚ್ಚಾಗಿತ್ತು. ಶಾಲೆಯಲ್ಲೂ ಹೀಗೇ ಆಗುತ್ತಿತ್ತು. ತನಗೆ ಗೊತ್ತಿದ್ದದ್ದು, ಬೋರ್ಡಿನ ಮೇಲೆ ಬೇರೆ ಇದ್ದರೆ, ತಪ್ಪೆಂದು ತಾನೇ ಅಳಿಸಿಕೊಳ್ಳುತ್ತಿದ್ದಳು. ಈಗಲೂ ಅಳಿಸಿಕೊಂಡಳು. ಅಕ್ಕನೂ ಮುಖ ಕಿವಿಚಿ ಕೂತಳು. ಮೂರು ಗಂಟೆ ಹೊಡೆದು, ನಾಲ್ಕೂ ಹೊಡೆಯಿತು. ಭಾವನ ಇಟ್ಟಿಗೆಗಳು ಬೀಳುತ್ತಲೇ ಇದ್ದವು.

ಐದಕ್ಕೆ ಸರಿಯಾಗಿ ಮೂವರೂ ಕೋಣೆಯ ಮುಂದೆ ನಿಂತಾಗ ಹೆಡ್‌ಮಿಸ್ಟ್ರೆಸ್ ಬಾಗಿಲಲ್ಲಿದ್ದರು. ಒಳಗಿನಿಂದ ಅಳತೆ ಕೂಗುವ ಗಂಡಸಿನ ದನಿ ಕೇಳುತ್ತಿತ್ತು.

“ಯಾರು ನೀವು? ಓಹ್, ಬಣ್ಣದವರು,” ಅಂದರು ಮೇಡಂ, ಕನ್ನಡಕ ಇಳಿಸಿ. “ಮೂರಕ್ಕೆ ಬನ್ನಿ ಅಂದಿದ್ದೆ. ಮೂರೂವರೆವರೆಗೂ ಕಾದೆ. ಸ್ಕೂಲ್ ಇನ್‌ಸ್ಪೆಕ್ಟರ್ ಬರ್ತಾರೆ ಅಂದಾಗಲೂ ನಾನು ಅಷ್ಟು ಕಾದವಳಲ್ಲ. ಆಮೇಲೆ ಇವರು ಬಂದ್ರು, ಕೊಟ್ಟುಬಿಟ್ಟೆ.”

ಭಾವ ಗುಮಾಸ್ತನನ್ನು ಮೇಡಂ ಮೂಗಿನವರೆಗೂ ಒಯ್ದರು. “ಇಲ್ಲ ಮೇಡಂ, ನೋಡಿ ಇಲ್ಲಿ, ಐದು ಅಂತಿದೆ.”

“ನಾನು ಹೇಳಿದ ಮಾತನ್ನ ನನಗೇ ತೋರಿಸ್ತೀಯೇನಪ್ಪಾ?”

ಆಗ ಒಳಗಿನವನು ಹೊರಗೆ ಬಂದ. ತೆಳ್ಳಗಿನ ಉದ್ದ ಮನುಷ್ಯ. ಸೊಂಟದಲ್ಲಿ ಇಟ್ಟಿಗೆಯಷ್ಟು ದಪ್ಪದ ಫೋನ್ ತೂಗುತ್ತಿತ್ತು, ಅದರ ಭಾರಕ್ಕೆ ಪ್ಯಾಂಟು ಒಂದು ಕಡೆ ಜಾರಿತ್ತು. ಮೊಬೈಲ್ ಮಾರುವ ಅಂಗಡಿ ಇಡುವವನಂತೆ. ಅವನು ಭಾವನ ಕೈಯಲ್ಲಿದ್ದದ್ದನ್ನು ನೋಡಿದ್ದೇ ಹತ್ತಿರ ಬಂದ.

“ಊರು ಬದಲಾಯಿಸಿದ್ರಾ ಸಾರ್ ಇದರಲ್ಲಿ? ಬದಲಾಯಿಸಿದ್ರೆ ಅಪಾಯಿಂಟ್‌ಮೆಂಟ್‌ಗಳೂ ಜೊತೆಗೇ ಜರುಗ್ತವೆ. ಗಡಿಯಾರ ಒಂದನ್ನೇ ಹಿಂದಕ್ಕೆ ತಂದ್ರೆ ಅವು ವಾಪಸ್ ಬರಲ್ಲ. ಅದು ತಪ್ಪಲ್ಲ, ಫೀಚರ್!”

“ಫೀಚರ್!” ಎಂದು ಭಾವ ಅಕ್ಕನ ಕಡೆ ತಿರುಗಿದರು. ಮುಖದಲ್ಲಿ ಬೆಳಕು. “ಕೇಳಿದ್ಯಾ? ನಾನು ಹೇಳ್ಲಿಲ್ವಾ, ಇದು ತಪ್ಪು ಮಾಡಲ್ಲ ಅಂತ.”

ಅಕ್ಕ ಅವರನ್ನು ನೋಡಿದ ನೋಟಕ್ಕೆ ಬೇರೆಯವರಾಗಿದ್ದರೆ ಅಲ್ಲೇ ಬೂದಿಯಾಗುತ್ತಿದ್ದರು. ಭಾವನಿಗೆ ಅದನ್ನು ನೋಡಲು ಪುರುಸೊತ್ತಿರಲಿಲ್ಲ. ಫೋನಿನವನು ತನ್ನ ಇಟ್ಟಿಗೆ ಬಿಚ್ಚಿದ್ದ. ಅದು ಫೋನೂ ಹೌದು, ಆರ್ಗನೈಸರೂ ಹೌದಂತೆ. ಮಧ್ಯದಲ್ಲಿ ಮಡಚಿದ್ದನ್ನು ತೆರೆದರೆ ಒಳಗೆ ಸಾಸಿವೆಯಂಥ ಕೀಲಿಗಳು. ಹಳೆಯ ಗೆಳೆಯರು ಸಿಕ್ಕಂತೆ ಇಬ್ಬರೂ ಮಾತಿಗಿಳಿದರು. ನಿಮ್ಮದರಲ್ಲಿ ಎಷ್ಟು ವಿಳಾಸ ಹಿಡಿಯುತ್ತೆ, ನಮ್ಮದರಲ್ಲಿ ಈಮೇಲೂ ಬರುತ್ತೆ, ಬಂದಿದೆಯಾ, ಇನ್ನೂ ಇಲ್ಲ, ಬರುತ್ತೆ.

“ನಿಮ್ಮ ವಿಸಿಟಿಂಗ್ ಕಾರ್ಡ್ ಕಳಿಸಿ ಸಾರ್, ಇನ್‌ಫ್ರಾರೆಡ್ ಕಿರಣದಲ್ಲಿ,” ಅಂದ ಫೋನಿನವನು.

ಎರಡೂ ಯಂತ್ರಗಳ ಮೂತಿಯನ್ನು ಎದುರುಬದುರಾಗಿ ಹಿಡಿದರು. ಹೋಗಲಿಲ್ಲ. ಬಿಸಿಲು ಜಾಸ್ತಿಯಂತೆ. ಇಬ್ಬರೂ ಗೋಡೆಯ ನೆರಳಿಗೆ ಸರಿದು ಕುಕ್ಕರಗಾಲಲ್ಲಿ ಕೂತರು. “ಅಲ್ಲಾಡಬೇಡಿ ಸಾರ್.” “ನೀವು ಸ್ವಲ್ಪ ಕೆಳಗೆ.” “ಉಸಿರು ಹಿಡ್ಕೊಳ್ಳಿ.” ಇಬ್ಬರ ಜೇಬಿನಲ್ಲೂ ಅಚ್ಚು ಹಾಕಿಸಿದ ಕಾಗದದ ಕಾರ್ಡುಗಳು ಇಣುಕುತ್ತಿದ್ದವು.

ತಂಗಿ ಅತ್ತ ನೋಡಲಾರದೆ ಬಾಗಿಲಿನಿಂದ ಒಳಗೆ ನೋಡಿದಳು. ಹೋಯಿತಲ್ಲ, ಇನ್ನು ಅಣ್ಣನ ಮನೆಯೇ ಗತಿ ಎಂದುಕೊಳ್ಳುತ್ತಲೇ ನೋಡಿದಳು. ನೆಲದ ಮೇಲೆ ಫೋನಿನವನು ಸೀಮೆಸುಣ್ಣದಿಂದ ಗೆರೆ ಎಳೆದು ಗಾಜಿನ ಕೌಂಟರಿನ ಜಾಗ ಗುರುತಿಸಿದ್ದ. ಗೆರೆ ಅರ್ಧ ಕೋಣೆಗೇ ನಿಂತಿತ್ತು. ಅದರಾಚೆಗೆ ನೆಲ ಖಾಲಿ. ಕೊನೆಯಲ್ಲಿ ಒಂದು ಕಿಟಕಿ, ಪಕ್ಕದಲ್ಲೊಂದು ಬಾಗಿಲು. ಮೂರು ಗಂಟೆಯನ್ನು ನುಂಗಿಕೊಂಡದ್ದೇ ಸಾಕು ಅನ್ನಿಸಿತು.

“ಮೇಡಂ,” ಅಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿತು. “ಆ ಹಿಂದಿನ ಅರ್ಧ ಅವರು ತಗೊಳ್ಳಲ್ವಾ?”

ಮೇಡಂ ಅವಳನ್ನು ಮೊದಲ ಸಲ ನೋಡಿದರು. “ಇಲ್ಲಮ್ಮ. ರಸ್ತೆ ಕಡೇದು ಸಾಕಂತೆ. ಹಿಂದಿನ ಬಾಗಿಲು ಓಣಿಗೆ ತೆರೆಯುತ್ತೆ, ಅಲ್ಲಿ ಯಾವ ಗಿರಾಕಿ ಬರ್ತಾನೆ ಅಂದ್ರು.”

“ನಮಗೆ ಬರ್ತಾರೆ,” ಅಂದಳು ಅಕ್ಕ. ಅವಳಾಗಲೇ ಚೀಲದಿಂದ ಟೇಪು ತೆಗೆದಿದ್ದಳು. “ಫರ್ನಿಚರ್ ಅಂಗಡಿ ಗೋಡೌನ್ ಬಾಗಿಲೂ ಅದೇ ಓಣಿಗಲ್ವಾ? ಸೋಫಾ ಹೊರಡೋದೇ ಅಲ್ಲಿಂದ. ಕೊಡ್ತೀರಾ ಮೇಡಂ?”

“ನಡುವೆ ಹಲಗೆ ಗೋಡೆ ನೀವೇ ಹಾಕಿಸ್ಕೋಬೇಕು.”

“ಗೋಡೆ ಯಾಕೆ? ಪರದೆ ಹಾಕ್ತೀವಿ. ಆ ಕಡೆ ಬಂದ ಗಿರಾಕಿಗೂ ನಮ್ಮ ಕೆಲಸ ಕಾಣುತ್ತೆ.”

ಮೇಡಂ ನಕ್ಕರು. “ನಿಮ್ಮ ಯಜಮಾನರನ್ನ ಒಂದು ಮಾತು ಕೇಳ್ಬೇಡ್ವಾ?”

ಅಕ್ಕ ಗೋಡೆಯ ನೆರಳಿನತ್ತ ನೋಡಿದಳು. ಯಜಮಾನರು ಒಂದು ಕಣ್ಣು ಮುಚ್ಚಿ ಗುರಿ ಹಿಡಿದಿದ್ದರು. “ಬೇಡ ಮೇಡಂ. ಅವರ ಗುಮಾಸ್ತನಿಗೆ ಕೈತುಂಬ ಕೆಲಸವಿದೆ.”

ಅವರು ಅಳತೆ ತೆಗೆದು, ಬಾಡಿಗೆ ಮಾತಾಡಿ, ಹಿಂದಿನ ಬಾಗಿಲಿನ ಕೀಲಿ ತೆಗೆದುಕೊಂಡು ಹೊರಗೆ ಬಂದಾಗ, “ಹೋಯ್ತು! ಹೋಯ್ತು!” ಎಂದು ಭಾವ ಎದ್ದು ಕುಣಿದರು. ಹೋದದ್ದು ಅವರ ಹೆಸರು ಮತ್ತು ಫೋನ್ ನಂಬರು. ಫೋನಿನವನ ಇಟ್ಟಿಗೆಯಲ್ಲಿ ಹೆಸರಿನ ಅರ್ಧವಷ್ಟೇ ಮೂಡಿತ್ತು.

ದಾರಿಯಲ್ಲಿ ಭಾವನಿಗೆ ವಿಷಯ ತಿಳಿಯಿತು. “ನೋಡು, ನಾನು ಅವನನ್ನ ಮಾತಲ್ಲಿ ಇಟ್ಟುಕೊಂಡಿದ್ದಕ್ಕೆ ನಿಮಗೆ ಅನುಕೂಲವಾಯ್ತು,” ಅಂದರು. ಅಕ್ಕ ಕೀಲಿಯನ್ನು ಟೇಪಿನ ಜೊತೆ ಚೀಲಕ್ಕೆ ಹಾಕಿಕೊಂಡು ಮುಂದೆ ನಡೆದಳು. ಕೆಲವು ಮಾತಿಗೆ ಉಸಿರು ದಂಡ.

ಮನೆ ಮುಟ್ಟಿದ ಕೂಡಲೇ ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಷಿನ್ನಿನ ಒಂದು ಬದಿ ಹಿಡಿದಳು.

“ಯಾವತ್ತು ಸಾಗಿಸೋದು, ಎಷ್ಟು ಗಂಟೆಗೆ ಅಂತ ಹೇಳು, ಹಾಕ್ಕೊಂಡುಬಿಡ್ತೀನಿ,” ಎಂದು ಭಾವ ಕಡ್ಡಿ ಎಳೆದರು.

“ಈಗ. ಆ ಕಡೆ ಹಿಡ್ಕೊಳ್ಳಿ.”

ಕಬ್ಬಿಣದ ಕಾಲಿನ ಮಷಿನ್ ಒಂದು ಕೈಗೆ ಏಳುವಂಥದ್ದಲ್ಲ. ಭಾವ ಗುಮಾಸ್ತನನ್ನು ಎಲ್ಲಿಡಲಿ ಎಂದು ಸುತ್ತ ನೋಡಿದರು. ಮಂಚದ ಮೇಲೆ ಬಟ್ಟೆ, ಕುರ್ಚಿಯ ಮೇಲೆ ಬಟ್ಟೆ. ತಂಗಿ ಮುಂದೆ ಬಂದು ಅದನ್ನು ಅವರ ಕೈಯಿಂದ ತೆಗೆದುಕೊಂಡು ಚಿಂದಿಯ ಬುಟ್ಟಿಗೆ ಹಾಕಿದಳು.

“ಮೆಲ್ಲಗೆ! ಅದು—”

“ಹೊಸ್ತಿಲಿದೆ, ನೋಡ್ಕೊಂಡು ನಡೀರಿ ಭಾವ,” ಅಂದಳು ಅವಳು, ಬೀದಿಗೆಲ್ಲ ಕೇಳುವಂತೆ.