ತಪಾಸಣೆಗೆ ಸಿಕ್ಕ ಸಾರು

“ಸಾಯೋನ ಬಾಯಿಂದ ಸಾರು ಕಿತ್ಕೊಳ್ಳೋಕೇನೇ ಸರ್ಕಾರ ನಿಂಗೆ ಸಂಬಳ ಕೊಡೋದು, ಮುಂಡೇದೇ?”

“ಎಲ್ಲಿ ಕೊಡ್ತದಜ್ಜಿ? ಪುಕ್ಕಟೆ ಕಿತ್ಕೋತೀವಿ,” ಎಂದ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪಕ್ಕದ ಎಕ್ಸ್-ರೇ ಯಂತ್ರ ನೋಡಿಕೊಳ್ಳುವ ಟೈರೆಲ್.

ವರ್ಲೀನ್ ನಗಲಿಲ್ಲ. ಮುದುಕಿಯ ಚೀಲದಿಂದ ತೆಗೆದ ಗಾಜಿನ ಭರಣಿ ಅವಳ ನೀಲಿ ಕೈಗವಸಿನಲ್ಲಿ ಇನ್ನೂ ಬೆಚ್ಚಗಿತ್ತು. ಹಂದಿಯ ಕತ್ತಿನ ಮೂಳೆ, ಸೊಪ್ಪು, ಮೇಲೆ ಬೆರಳು ದಪ್ಪ ಕೊಬ್ಬು. ದ್ರವವಾದ್ದರಿಂದ ಸಾರು ವಿಮಾನ ಹತ್ತುವಂತಿಲ್ಲ. ತಡೆದದ್ದು ಕಸದ ಬುಟ್ಟಿಗೆ. ಸಿಬ್ಬಂದಿ ಬಾಯಿಗಿಟ್ಟರೆ ಕೆಲಸ ಹೋದಂತೆ.

“ಷಿಕಾಗೋದಾಗೆ ನಮ್ಮಣ್ಣ ಕೊನೇ ಉಸಿರು ಎಳೀತಾವ್ನೆ. ಇದೊಂದು ಕೇಳ್ದ ಕಣೇ.”

“ಆಗಲ್ಲಮ್ಮಾ,” ಎಂದಳು ವರ್ಲೀನ್. ಭರಣಿಯನ್ನು ಮಾತ್ರ ಬೆರಳು ಬಿಡಲಿಲ್ಲ.

ವಾಷಿಂಗ್ಟನ್ನಿನ ದೊಡ್ಡವರು ಬಜೆಟ್ಟಿಗೆ ಕಚ್ಚಾಡಿ ಸರ್ಕಾರಕ್ಕೆ ಬೀಗ ಜಡಿದು ಮೂವತ್ತಾರು ದಿನ. ಬೀಗ ಬಿದ್ದದ್ದು ಸಂಬಳಕ್ಕೆ, ದುಡಿತಕ್ಕಲ್ಲ. ವಿಮಾನಗಳು ಕಡಿಮೆಯಾಗಿ ಎದುರಿನ ಕಾಫಿ ಅಂಗಡಿ ಮುಚ್ಚಿತ್ತು. ಅಲ್ಲಿ ಮಿಕ್ಕ ಬ್ರೆಡ್ಡನ್ನು ಇವರಿಗೆ ಸದ್ದಿಲ್ಲದೆ ಕೊಡುತ್ತಿದ್ದ ಹೆಂಗಸೂ ಮನೆ ಸೇರಿದ್ದಳು. ಕಾರಿನ ಪೆಟ್ರೋಲಿಗೆಂದು ವರ್ಲೀನ್ ನಿನ್ನೆ ಮತ್ತೆ ತನ್ನ ರಕ್ತದ ಪ್ಲಾಸ್ಮಾ ಮಾರಿದ್ದಳು. ಕೆಲಸಕ್ಕೆ ಬರದಿದ್ದರೆ ಹನ್ನೊಂದು ವರ್ಷದ ನೌಕರಿಯೂ ಹೋಗುತ್ತದೆ, ಮಗಳ ಉಬ್ಬಸದ ಔಷಧಿಗಿರುವ ವಿಮೆಯೂ ಹೋಗುತ್ತದೆ.

ಟೈರೆಲ್ ತಮ್ಮ ಮೇಲಧಿಕಾರಿ ವಿಟ್ಲಾಕನನ್ನು ಅಣಕಿಸುತ್ತ ಮೂಗಿನಲ್ಲಿ ಗೊಣಗಿದ: “ನೀವು ಅತ್ಯವಶ್ಯಕ ಸಿಬ್ಬಂದಿ. ದೇಶ ನಿಮಗೆ ಋಣಿ. ಋಣ ತೀರ್ಸೋಕೆ ಮಾತ್ರ ಪುರುಸೊತ್ತಿಲ್ಲ.”

ಸಾಲಿನಲ್ಲಿದ್ದವರು ನಕ್ಕರು. ಮುದುಕಿ ನಗದೆ ವರ್ಲೀನಳ ಬೆರಳನ್ನೇ ನೋಡುತ್ತಿದ್ದಳು.

“ಇವತ್ತೇನು ತಿಂದೆ, ಮಗಳೇ?”

ವರ್ಲೀನ್ ಭರಣಿಯನ್ನು ಮೂಗಿನ ಹತ್ತಿರ ತಂದಳು.

“ಹಂಗಾದ್ರೆ ನೀನೇ ತಿನ್ನು. ಬುಟ್ಟಿಗ್ಯಾಕೆ ಬೀಳ್ಬೇಕು?”

ಅಷ್ಟರಲ್ಲಿ ವಿಟ್ಲಾಕನೇ ಬಂದ. “ಪ್ರಯಾಣಿಕರ ಹತ್ರ ಏನೂ ಇಸ್ಕೊಳ್ಳಂಗಿಲ್ಲ. ಏನೇ, ನಾಯಿ ಹಂಗೆ ಮೂಸ್ತಾ ನಿಂತಿದೀಯ? ಎಸಿ ಅದನ್ನ!”

ವರ್ಲೀನ್ ಬುಟ್ಟಿಯ ಕಡೆ ಒಂದು ಹೆಜ್ಜೆ ಇಟ್ಟಳು. ನಿಂತಳು. ತಿರುಗಿ ಬಂದು ಕೆಂಪು ಗುಂಡಿ ಒತ್ತಿದಳು. ಪೆಟ್ಟಿಗೆಗಳನ್ನು ಹೊತ್ತ ಪಟ್ಟಿ ಗಕ್ಕನೆ ನಿಂತಿತು. ಕೈಗವಸು ಕಳಚಿದಳು, ಮುಚ್ಚಳ ತಿರುಗಿಸಿದಳು, ಬರಿಗೈಯನ್ನೇ ಒಳಗೆ ಹಾಕಿದಳು.

“ವರ್ಲೀನ್! ಬ್ಯಾಡ್ಜ್ ಬಿಚ್ಚಿಡು ಇಲ್ಲಿ!”

“ನೀನೇ ಬಿಚ್ಕೋ ಬಾರೋ, ಬೋಳೀಮಗನೇ,” ಎಂದಳು, ಬಾಯ್ತುಂಬ ಸೊಪ್ಪಿಟ್ಟುಕೊಂಡು.

ಅವನು ಮುಟ್ಟಲಿಲ್ಲ. ಸಾರು ಅವಳ ಮೊಣಕೈವರೆಗೆ ಹರಿದು ಸಮವಸ್ತ್ರದ ತೋಳಿಗಿಳಿಯಿತು. ಅವಳು ಅಳುತ್ತಲೇ ನುಂಗುತ್ತಿದ್ದಳು.

ಮುದುಕಿ ಬರಿದಾದ ಚೀಲವನ್ನು ಎದೆಗವಚಿಕೊಂಡಳು.

“ಮೆತ್ತಗೆ, ಮಗಳೇ. ಸಣ್ಣ ಮೂಳೆ ಅವೆ.”