ಓದದೆ ಕಿತ್ತ ಚೀಟಿ

ತಂಗಿ ನಮ್ಮ ಆಫೀಸಿಗೆ ಸೇರಿದ ದಿನ ನನಗೆ ಹೊಟ್ಟೆಕಿಚ್ಚು ಶುರುವಾಯಿತು ಎಂದರೆ ಸುಳ್ಳಾಗುತ್ತದೆ. ಅವಳು ಹುಟ್ಟಿದ ದಿನದಿಂದಲೂ ಅದು ಇತ್ತು. ಆಫೀಸಿನಲ್ಲಿ ಅದಕ್ಕೆ ಕೂರಲು ಒಂದು ಕುರ್ಚಿ ಸಿಕ್ಕಿತು, ಅಷ್ಟೆ.

ವಕೀಲರನ್ನು ಇಟ್ಟುಕೊಳ್ಳಲಾಗದ ಬಡ ಆರೋಪಿಗಳ ಪರವಾಗಿ ಸರ್ಕಾರದ ಖರ್ಚಿನಲ್ಲಿ ವಾದಿಸುವ ಕಚೇರಿ ನಮ್ಮದು. ಕೋರ್ಟಿನ ಹಿಂಬದಿಗೆ ಎರಡು ಕೋಣೆ, ಏಳು ಜನ ವಕೀಲರು, ಕಾಲಿಡಲು ಜಾಗವಿಲ್ಲದಷ್ಟು ಫೈಲು. ಬಂಧನವಾದ ದಿನ ಯಾರ ಸರದಿಯೋ ಅವರು ಆರೋಪಿಯನ್ನು ಮಾತಾಡಿಸುತ್ತಾರೆ. ಜಾಮೀನಿಗೆ ಇನ್ನೊಬ್ಬರು ನಿಲ್ಲುತ್ತಾರೆ, ವಿಚಾರಣೆಗೆ ಮತ್ತೊಬ್ಬರು. ಇಪ್ಪತ್ತೊಂದು ವರ್ಷ ನಾನು ಹೀಗೇ ಕೆಲಸ ಮಾಡಿದ್ದೆ.

ತಂಗಿ ಬಂದ ಮೂರನೇ ತಿಂಗಳಿಗೇ ತಗಾದೆ ತೆಗೆದಳು. "ಒಬ್ಬ ಆರೋಪಿಗೆ ಮೊದಲಿಂದ ಕೊನೇವರೆಗೂ ಒಬ್ಬರೇ ವಕೀಲರು ಇರ್ಬೇಕು ಸರ್" ಎಂದು ಮುಖ್ಯಸ್ಥರ ಮುಂದೆಯೇ ಹೇಳಿದಳು. ಅವರು "ನೋಡೋಣಮ್ಮ" ಎಂದರು. ಇಷ್ಟು ವರ್ಷದಲ್ಲಿ ಒಂದು ದಿನವೂ ಅವರು ನನ್ನನ್ನು ಅಮ್ಮ ಎಂದು ಕರೆದಿರಲಿಲ್ಲ. ನೋಡುವವರೆಗೂ ಸುಮ್ಮನಿರದೆ ಅವಳು ತಾನು ಮಾತಾಡಿಸಿದವರ ಫೈಲಿಗೆಲ್ಲ ಹಳದಿ ಚೀಟಿ ಅಂಟಿಸತೊಡಗಿದಳು. ಇದನ್ನು ಕೇಳಿ, ಅದನ್ನು ತರಿಸಿ, ಇಂಥವರನ್ನು ವಿಚಾರಿಸಿ. ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ! ಉಳಿದವರು ಹೊಗಳಿದರು. ನಾನು ನನ್ನ ಪಾಲಿನ ಚೀಟಿಗಳನ್ನು ಓದದೆಯೇ ಕಿತ್ತು ಡ್ರಾಯರಿಗೆ ತುರುಕುತ್ತಿದ್ದೆ. ಅವಳ ಅಕ್ಷರವೂ ದುಂಡಗೆ, ಓದಿಸಿಕೊಳ್ಳುವಂತಿತ್ತು. ಅದನ್ನು ಕಂಡರೂ ನನಗೆ ಮೈ ಉರಿಯುತ್ತಿತ್ತು.

ಒಬ್ಬ ಪೇಂಟರ್‌ನ ಫೈಲು ನನಗೆ ಬಂದದ್ದು ಹಾಗೆ, ತಂಗಿಯ ಕೈ ದಾಟಿ. ಅವನು ಬಣ್ಣ ಬಳಿಯುತ್ತಿದ್ದ ಮನೆಯಲ್ಲಿ ಸರ ಕಳುವಾಗಿತ್ತು. ಮನೆಯಾಕೆ ಹನ್ನೊಂದಕ್ಕೆ ಹೊರಗೆ ಹೋಗಿ ಒಂದಕ್ಕೆ ಬರುವಷ್ಟರಲ್ಲಿ ಬೀರುವಿನ ಕನ್ನಡಿ ಪುಡಿಯಾಗಿತ್ತು. ಪೇಂಟರ್‌ನ ಅಂಗೈಯಲ್ಲಿ ಹೊಸ ಗಾಯವಿತ್ತು. ಪೊಲೀಸರಿಗೆ ಇನ್ನೇನು ಬೇಕು?

ಜಾಮೀನಿನ ದಿನ ಕೋರ್ಟಿನ ಮೆಟ್ಟಿಲ ಬಳಿ ಅವನನ್ನು ಎರಡು ನಿಮಿಷ ನೋಡಿದೆ. ಒಳಗೆ ಹೋಗಿ ಎಂದಿನ ಮಾತು ಹೇಳಿದೆ: ಬಡವ, ಹಿಂದೆ ಯಾವ ಕೇಸೂ ಇಲ್ಲ, ಎರಡು ಮಕ್ಕಳು. ಸರ್ಕಾರಿ ವಕೀಲರು ಎದ್ದರು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತಾರೆ ಸ್ವಾಮಿ. ಇಲ್ಲಿ ಹುಣ್ಣೂ ಇದೆ, ಕನ್ನಡೀನೂ ಇದೆ."

ಎಲ್ಲರೂ ನಕ್ಕರು. ನಾನು ಫೈಲು ಮುಚ್ಚಿದೆ. ಜಾಮೀನು ಸಿಗಲಿಲ್ಲ, ಮುಂದಿನ ತಾರೀಕು ಹದಿನಾಲ್ಕು ದಿನಕ್ಕೆ ಬಿತ್ತು. ಪೇಂಟರ್ ಮಾತ್ರ ನನ್ನನ್ನೇ ನೋಡುತ್ತಿದ್ದ, ಇನ್ನೂ ಏನೋ ಹೇಳುತ್ತೀನಿ ಎಂದು ಕಾಯುವವನ ಹಾಗೆ.

ಆ ಭಾನುವಾರ ಅಮ್ಮನ ಮನೆಯಲ್ಲಿ ಊಟ. ಅಮ್ಮ ತಂಗಿಯ ತಟ್ಟೆಗೇ ಮೊದಲು ಬಡಿಸಿದಳು. "ಸಣ್ಣವಳು ಈ ವಾರ ಮೂರು ಜನಾನ ಬಿಡಿಸಿದಾಳಂತೆ ಕಣೇ" ಎಂದು ನನಗೆ ಸುದ್ದಿ ಬೇರೆ ಹೇಳಿದಳು. ನಾನೂ ಅದೇ ಆಫೀಸಿನವಳು ಎಂಬುದು ಅಮ್ಮನಿಗೆ ಮರೆತೇ ಹೋಗಿತ್ತು.

"ಅಕ್ಕ, ಆ ಪೇಂಟರ್ ಆಚೆ ಬಂದ್ನಾ?" ಎಂದಳು ತಂಗಿ. "ಆಸ್ಪತ್ರೆ ರಿಜಿಸ್ಟರ್ ತೋರಿಸ್ದೆ ತಾನೆ?"

ಯಾವ ಆಸ್ಪತ್ರೆ, ಯಾವ ರಿಜಿಸ್ಟರ್ ಎಂದು ಕೇಳಿದ್ದರೆ ನನ್ನ ಗುಟ್ಟು ರಟ್ಟಾಗುತ್ತಿತ್ತು.

"ತೋರಿಸ್ದೆ. ಜಡ್ಜ್ ಒಪ್ಪಲಿಲ್ಲ" ಎಂದೆ.

"ಎಂಥಾ ಜಡ್ಜ್ ಅಕ್ಕ ಅವ್ರು!" ಎಂದು ಅವಳು ನನ್ನ ಪರವಾಗಿ ಸಿಟ್ಟಾದಳು. ಅದು ಇನ್ನೂ ಚುಚ್ಚಿತು.

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಡ್ರಾಯರ್ ಎಳೆದೆ. ಬಂಧನದ ದಿನದ ತಾರೀಕು ಹಾಕಿದ ಚೀಟಿ ಸಿಕ್ಕಿತು. "ಗಾಯ ಆದದ್ದು ಬಣ್ಣದ ಡಬ್ಬಿಯ ಮುಚ್ಚಳ ತಗುಲಿ. ಕಳುವಾದ ದಿನ ಬೆಳಿಗ್ಗೆ ಒಂಬತ್ತೂವರೆಗೆ ದೊಡ್ಡಾಸ್ಪತ್ರೆಯಲ್ಲಿ ಐದು ಹೊಲಿಗೆ. ರಿಜಿಸ್ಟರಿನ ನಕಲು ತರಿಸಿ." ಕನ್ನಡಿ ಒಡೆಯುವ ಮೊದಲೇ ಅವನ ಕೈಗೆ ಹೊಲಿಗೆ ಬಿದ್ದಿತ್ತು!

ಜೈಲಿಗೆ ಓಡಿದೆ. "ನನಗ್ಯಾಕೆ ಹೇಳಲಿಲ್ಲ ನೀನು?" ಎಂದು ಅವನ ಮೇಲೆಯೇ ರೇಗಿದೆ.

"ಆ ಮೇಡಂಗೆ ಹೇಳಿದ್ದೆನಲ್ಲ" ಎಂದ. "ನೀವೆಲ್ಲ ಒಂದೇ ಆಫೀಸ್ನೋರು. ನಿಮಗೂ ಗೊತ್ತಿರುತ್ತೆ ಅಂದ್ಕೊಂಡೆ."

ನಕಲು ತರಿಸಿದೆ. ತಂಗಿಗೆ ಉಸಿರೆತ್ತಲಿಲ್ಲ. ತಾರೀಕಿನ ದಿನ ನೋಡಿದರೆ ಅವಳು ತನ್ನ ಕೇಸಿಗೆ ಕಾಯುತ್ತಾ ಅದೇ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದಳು.

ನಾನು ನಕಲು ಕೊಟ್ಟೆ. ಸರ್ಕಾರಿ ವಕೀಲರು ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದರು. "ಇದೇ ಹೆಸರಿನವರು ಊರಲ್ಲಿ ನೂರು ಜನ ಇರ್ತಾರೆ ಸ್ವಾಮಿ. ನಿಜ ಆಗಿದ್ರೆ ಇಷ್ಟು ದಿನ ಬಾಯಿ ಯಾಕೆ ಬಿಡಲಿಲ್ಲ? ಜೈಲಲ್ಲಿ ಕೂತು ಕಟ್ಟಿದ ಕತೆ ಇದು."

"ಮೊದಲ ದಿನವೇ ಯಾಕೆ ಹೇಳಲಿಲ್ಲ?" ಎಂದು ನ್ಯಾಯಾಧೀಶರು ನನ್ನನ್ನು ಕೇಳಿದರು.

ಈಗಷ್ಟೇ ಗೊತ್ತಾಯಿತು ಎನ್ನುವ ಮಾತು ನಾಲಿಗೆ ತುದಿಯಲ್ಲಿತ್ತು. ಹಾಗೆಂದರೆ ನನ್ನ ಮಾನ ಉಳಿಯುತ್ತಿತ್ತು, ಅವನ ಮಾತು ಕಟ್ಟುಕತೆಯಾಗುತ್ತಿತ್ತು. ಬೆನ್ನ ಹಿಂದೆ ತಂಗಿ ಇದ್ದಳು. ಇನ್ಯಾರ ಮುಂದೆ ಬೇಕಾದರೂ ನಿಜ ಹೇಳಿಯೇನು, ಅವಳ ಮುಂದೆ ಹೇಗೆ ಹೇಳಲಿ?

"ಮೊದಲ ದಿನವೇ ಹೇಳಿದ್ದ ಸ್ವಾಮಿ" ಎಂದೆ. ಚೀಟಿ ಮುಂದಿಟ್ಟೆ. "ನಮ್ಮ ಕಚೇರಿಯ ವಕೀಲರು ತಾರೀಕು ಹಾಕಿ ಬರೆದಿಟ್ಟಿದ್ದರು. ನಾನು ಓದಲಿಲ್ಲ. ಹೋದ ಸಲವೂ ಇದು ನನ್ನ ಹತ್ತಿರವೇ ಇತ್ತು."

ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಯಲಿಲ್ಲ. ಪೇಂಟರ್‌ನನ್ನು ಹತ್ತಿರ ಕರೆಸಿ ಅವನ ಅಂಗೈಯ ಹೊಲಿಗೆಯ ಗುರುತುಗಳನ್ನು ತಾವೇ ಎಣಿಸಿದರು. ಐದಿತ್ತು. ಜಾಮೀನು ಕೊಟ್ಟರು.

ಹೊರಗೆ ಪೇಂಟರ್ ನನ್ನ ಹತ್ತಿರ ಬಂದ. ಕೂಗಾಡುತ್ತಾನೆ ಅಂದುಕೊಂಡೆ, ಕೂಗಾಡಿದ್ದರೆ ಚೆನ್ನಾಗಿತ್ತು.

"ತಪ್ಪು ತಿಳ್ಕೋಬೇಡಿ ಮೇಡಂ" ಎಂದ ಮೆಲ್ಲಗೆ. "ಮುಂದಿನ ವಿಚಾರಣೆಗೆ ಆ ಮೇಡಂನೇ ಹಾಕಿಸಿಕೊಡ್ತೀರಾ?"

ತಂಗಿ ಬಾಗಿಲಲ್ಲೇ ನಿಂತಿದ್ದಳು. ಫೈಲನ್ನು ಅವಳ ಕೈಗೆ ಕೊಟ್ಟೆ. ಆ ಹೊತ್ತಿನಲ್ಲೂ ನನಗೆ ಹೊಟ್ಟೆಕಿಚ್ಚೇ, ಅವನು ಕೇಳಿದ್ದು ಅವಳನ್ನು ಎಂದು.

ನನ್ನ ಸುಳ್ಳಿನ ಬಗ್ಗೆ ಅವಳು ಒಂದು ಮಾತೂ ಎತ್ತಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು.

"ಅಕ್ಕ, ಇವನ ಥರ ಇನ್ನೆಷ್ಟು ಜನ ಒಳಗಿದಾರೆ?"

"ಗೊತ್ತಿಲ್ಲ. ಚೀಟಿಯೆಲ್ಲ ನನ್ನ ಡ್ರಾಯರಲ್ಲೇ ಇದೆ" ಎಂದೆ.

ಅವಳು ಆಗಲೇ ಆಫೀಸಿನ ಕಡೆ ಓಡುತ್ತಿದ್ದಳು. ನಾನೂ ಹಿಂದೆ ಓಡಿದೆ.