ಕಂಸಾಳೆ ಮೇಳದ ಕಾರ್ಡು

“ಅಣ್ಣಯ್ಯ, ಬೇಜಾರ್ ಮಾಡ್ಕಬ್ಯಾಡ. ಈ ಸಲ ಕಾರ್ಡು ನನ್ ಕೈಲಿರ್ಲಿ ಬುಡು,” ಅಂದ ಹುಚ್ಚಣ್ಣ.

ಕುಂಬಾರಕೊಪ್ಪಲಿನ ಮರಿಸ್ವಾಮಿಯ ಜಗುಲಿಯ ಮೇಲೆ ಹುಚ್ಚಣ್ಣನೂ ಸೇರಿ ಕಂಸಾಳೆ ಮೇಳದವರೆಲ್ಲ ಕೂತಿದ್ದರು. ಬರುವ ತಿಂಗಳು ಸಿಂಗಪುರದ ಕನ್ನಡದವರು ಮೇಳವನ್ನು ಕರೆಸಿಕೊಳ್ಳುವವರಿದ್ದರು. ಇಪ್ಪತ್ತೆರಡು ವರ್ಷದಿಂದ ಮೇಳಕ್ಕೆ ಮರಿಸ್ವಾಮಿಯೇ ಯಜಮಾನ. ಎಲ್ಲರ ದುಡ್ಡೂ, ಬ್ಯಾಂಕಿನ ಕಾರ್ಡೂ ಅವನ ಕೈಯಲ್ಲೇ.

“ಯಾಕ್ಲಾ, ನನ್ ಕೈಗೇನಾಗದೆ?”

“ಕೈಗೇನಾದ್ದು. ಹೋದ್ ವರ್ಷ ಮಲೇಶಿಯಾದಲ್ಲಿ ದುಡ್ ಏನಾಯ್ತು ಅಂತ ಕೇಳೋರು ಕೇಳ್ತಾವ್ರೆ.”

“ಯಾರಪ್ಪಾ ಕೇಳ್ತಿರೋರು?” ಒಳಗಿಂದ ಮರಿಸ್ವಾಮಿಯ ಹೆಂಡತಿ ಶಿವನಂಜಮ್ಮ ಬಂದಳು. “ನೀನೇ ಕೇಳ್ತಿದೀಯ. ಹೆಸ್ರಿಲ್ದೋರ ಮ್ಯಾಲೆ ಯಾಕ್ ಹಾಕೀಯೆ?”

ಮಲೇಶಿಯಾದಲ್ಲಿ ಆಗಿದ್ದು ಇಷ್ಟು. ಕೊನೆಯ ದಿನ ಲಾಡ್ಜಿನ ಬಾಕಿ ಕಟ್ಟುವಾಗ ಕಾರ್ಡು ನಡೆಯಲಿಲ್ಲ. ಖಾತೆಯಲ್ಲಿ ದುಡ್ಡು ಸಾಲದು ಅಂದಿತು. ಎಂಟು ಜನ ಚೀಲ ಹಿಡಿದು ಬಾಗಿಲಲ್ಲಿ ನಿಂತರು. ಕರೆಸಿದವರೇ ಬಂದು ಕಟ್ಟಿ ಬಿಡಿಸಿದರು. ಯಾರೂ ಒಂದು ಕರ್ಚೀಫು ಕೂಡ ಕೊಂಡಿರಲಿಲ್ಲ. ಆದರೂ ಅಂದಾಜಿಗಿಂತ ಆರೇಳು ಸಾವಿರ ಹೆಚ್ಚಿಗೆ ಹೋಗಿತ್ತು. ಎಲ್ಲಿಗೆ ಹೋಯಿತು ಅಂತ ಮರಿಸ್ವಾಮಿಗೂ ತಿಳಿಯಲಿಲ್ಲ. ಮೇಳದಲ್ಲಿ ಗುಸುಗುಸು ಶುರುವಾಯಿತು. ಈಗ ಹುಚ್ಚಣ್ಣ ಅದನ್ನು ಮುಖದ ಮುಂದೆಯೇ ಆಡಿಬಿಟ್ಟಿದ್ದ.

“ನನ್ ಮ್ಯಾಲೆ ನಂಬ್ಕೆ ಇಲ್ದಿದ್ರೆ ಯಜಮಾನ್ಕೇನೂ ನೀನೇ ತಕೋ,” ಅಂದ ಮರಿಸ್ವಾಮಿ.

ಅಷ್ಟರಲ್ಲಿ ಇಲವಾಲದಿಂದ ಸ್ಕೂಟರಿನಲ್ಲಿ ಕುಸುಮ ಬಂದಳು. ಅವಳು ಮರಿಸ್ವಾಮಿಯ ತಮ್ಮನ ಮಗಳು, ಬ್ಯಾಂಕಿನಲ್ಲಿ ಕೆಲಸ. ಶಿವನಂಜಮ್ಮ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು.

“ಕಾರ್ಡು ಉಜ್ಜಿದ ಚೀಟಿಗಳು ಇವೆಯಾ ದೊಡ್ಡಪ್ಪ?”

ಇದ್ದವು. ಒಂದೂ ಬಿಡದೆ ಪ್ಲಾಸ್ಟಿಕ್ ಕವರಿನಲ್ಲಿದ್ದವು. ಕುಸುಮ ಚಾಪೆಯ ಮೇಲೆ ಹರಡಿ ನೋಡಿದಳು.

“ಹೆಚ್ಚೂಕಮ್ಮಿ ಎಲ್ಲಾ ರೂಪಾಯಿಲೇ ಕಟ್ಟಿದ್ದೀರಲ್ಲ?”

“ಹೂಂ ಕಣವ್ವ. ಮೆಷಿನ್ನು ಪ್ರತಿ ಸಲ ಕೇಳೋದು, ರೂಪಾಯೋ ಅಲ್ಲಿ ದುಡ್ಡು ರಿಂಗಿಟ್ಟೋ ಅಂತ. ನಾನು ರೂಪಾಯಿ ಒತ್ತೋನು. ಜೋಳಿಗೇಲಿ ಬಿದ್ದಿದ್ದ ಎಲ್ರ ಮುಂದೆ ಸುರುದು, ಇಷ್ಟದೆ ಅಂತ ಕೂಗಿ ಹೇಳ್ಬೇಕು. ಅದು ನಮ್ ಮೇಳದ ಪದ್ಧತಿ. ಖರ್ಚೂ ಅಂಗೇ. ರಿಂಗಿಟ್ಟಲ್ಲಿ ಹೇಳಿದ್ರೆ ಇವ್ರಿಗೇನ್ ಅರ್ಥಾಗ್ತದೆ? ಮುಚ್ಚಿಟ್ಟ ಅನ್ನಬಾರದು ಅಂತ ರೂಪಾಯಿ ಒತ್ತುದೆ.”

ಕುಸುಮ ಎರಡು ಚೀಟಿ ಎತ್ತಿಕೊಂಡಳು. “ಈ ಕ್ಯಾಂಟೀನಿನಲ್ಲಿ ಎರಡು ಸಲ ಕಟ್ಟಿದ್ದೀರ?”

“ಮೂರು ದಿನದ್ದು ಒಂದ್ ಬಿಲ್ಲು. ಎರಡ್ ಸಲನೂ ಆರ್ನೂರು ರಿಂಗಿಟ್ಟು. ಮೊದಲ್ನೇ ಸಲ ಅಲ್ಲಿ ದುಡ್ ತಕಳೋ ಹುಡ್ಗಿ ಕೇಳ್ದೇನೆ ರಿಂಗಿಟ್ಟಲ್ಲಿ ಒತ್ಬುಟ್ಲು.”

“ಅವಳಿಗೊಂದು ನಮಸ್ಕಾರ ಹೇಳಿ,” ಅಂದಳು ಕುಸುಮ. ದೊಡ್ಡಪ್ಪನ ಫೋನಿನಲ್ಲಿ ಖಾತೆ ತೆಗೆಸಿ ನೋಡಿದಳು. “ಅವಳು ಒತ್ತಿದ್ದಕ್ಕೆ ಬ್ಯಾಂಕಿನ ಚಾರ್ಜೂ ಸೇರಿ ಹನ್ನೊಂದು ಸಾವಿರದ ನಾನೂರು ಹೋಗಿದೆ. ನೀವು ರೂಪಾಯಿ ಒತ್ತಿದ್ದಕ್ಕೆ ಹನ್ನೆರಡು ಸಾವಿರದ ಅರವತ್ತು. ಅದೇ ಊಟ, ಅದೇ ಎಂಟು ಜನ.”

“ಆರ್ನೂರ ಅರವತ್ತು ಹೆಚ್ಗೆ!” ಅಂದ ಹುಚ್ಚಣ್ಣ. “ಅದೆಂಗಾಯ್ತದೆ? ನಮ್ ದುಡ್ಡು, ನಮ್ ರೂಪಾಯಿ. ಅದ್ರಲ್ಲಿ ಮೋಸ ಎಲ್ಲಿಂದ ಬಂತು?”

“ಮೋಸ ಅಲ್ಲ ಮಾಮ, ಕೇಳೇ ಮಾಡ್ತಾರೆ. ರಿಂಗಿಟ್ ಒತ್ತಿದರೆ ಅದನ್ನ ಕಾರ್ಡಿನವರು, ನಮ್ಮ ಬ್ಯಾಂಕಿನವರು ರೂಪಾಯಿಗೆ ಬದಲಾಯಿಸ್ತಾರೆ. ರೂಪಾಯಿ ಒತ್ತಿದರೆ ಅಂಗಡಿಯವರ ಮೆಷಿನ್ ಕಂಪನಿ ಅಲ್ಲೇ ಬದಲಾಯಿಸಿಬಿಡ್ತದೆ. ರೇಟು ಅವರದ್ದು. ಅವರ ಲಾಭ ಅದರೊಳಗೇ ಸೇರಿರ್ತದೆ. ಸಾಲದ್ದಕ್ಕೆ ಹೊರದೇಶದಲ್ಲಿ ಉಜ್ಜಿದ್ದೀರಿ ಅಂತ ನಮ್ಮ ಬ್ಯಾಂಕೂ ಎಷ್ಟೋ ಸಲ ಚಾರ್ಜು ಹಾಕ್ತದೆ.”

“ಬರೀ ರಿಂಗಿಟ್ಟಿನ ರೇಟು ಏರಿತ್ತೇನೋ?” ಅಂದ ಹುಚ್ಚಣ್ಣ.

“ದಿನಾ ಅಷ್ಟಿಷ್ಟು ಏರಿಳಿತ ಇರ್ತದೆ. ಮೂರು ದಿನಕ್ಕೆ ಇಷ್ಟೊಂದು ಆಗೋದು ಅಪರೂಪ. ಬೇಕಾದ್ರೆ ಚೀಟಿಲಿ ಅವರು ಹಾಕಿರೋ ರೇಟು ಓದಿ ನೋಡಿ. ಲಾಡ್ಜು, ವ್ಯಾನು, ಊಟ, ಎಲ್ಲಾ ಸೇರಿ ಲಕ್ಷದ ಮೇಲೆ ಹೀಗೇ ಕಟ್ಟಿದ್ದೀರಿ. ಆರೇಳು ಸಾವಿರ ಎಲ್ಲಿ ಹೋಯ್ತು ಅಂತ ಇನ್ನು ಹುಡುಕಬೇಕಾ?”

ಮರಿಸ್ವಾಮಿ ಚೀಟಿಗಳನ್ನೇ ನೋಡುತ್ತಿದ್ದ. ಕದ್ದಿಲ್ಲ ಅಂತ ಎಲ್ಲರಿಗೂ ಗೊತ್ತಾಯಿತಲ್ಲ ಅಂತ ಎದೆ ಹಗುರಾಯಿತು. ಕೈಯಾರೆ ಕಳೆದೆನಲ್ಲ ಅಂತ ಸಂಕಟವೂ ಆಯಿತು.

“ಅಲ್ಲಿ ದುಡ್ಡಲ್ಲೇ ಕೊಟ್ರೆ ಇವ್ರಿಗೆ ಖರ್ಚು ಎಂಗ್ ಹೇಳ್ಲವ್ವ?”

“ಎರಡು ಮೂರು ದಿನದಲ್ಲಿ ಖಾತೆಯಲ್ಲಿ ರೂಪಾಯಿ ಲೆಕ್ಕ ಬಂದೇ ಬರ್ತದೆ. ಆಗ ಕೂಗಿ ಹೇಳಿ. ಸಿಂಗಪುರದಲ್ಲಿ ಸಿಂಗಪುರದ ಡಾಲರ್ರೇ ಒತ್ತಿ. ಅಂಗಡಿಯವರು ‘ರೂಪಾಯಿಲಿ ಹಾಕ್ಲಾ’ ಅಂದರೆ ಬೇಡ ಅನ್ನಿ. ರೂಪಾಯಿಯಲ್ಲಿ ಹಾಕಿಬಿಟ್ಟಿದ್ದರೆ ಸಹಿ ಹಾಕೋದಕ್ಕೆ, ಪಿನ್ ಒತ್ತೋದಕ್ಕೆ ಮೊದಲೇ ರದ್ದು ಮಾಡಿಸಿ. ಎಟಿಎಮ್ಮೂ ಇದನ್ನೇ ಕೇಳ್ತದೆ, ಅಲ್ಲೂ ಬೇಡ ಅನ್ನಿ.”

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಿಂದಲೂ ಯಾರಾದರೂ ಪ್ರವಾಸಕ್ಕೋ, ಬಾಣಂತನಕ್ಕೋ, ಕಾರ್ಯಕ್ರಮಕ್ಕೋ ಹೊರದೇಶಕ್ಕೆ ಹೊರಟಿರಬಹುದು. ಮೆಷಿನ್ನಿನ ಪರದೆಯ ಮೇಲೆ ರೂಪಾಯಿ ಕಂಡ ಕೂಡಲೇ ನಮ್ಮದು ಅಂತ ಒತ್ತಬೇಡಿ. ಯಾವ ದೇಶದಲ್ಲಿ ನಿಂತಿದ್ದೀರೋ ಆ ದೇಶದ ದುಡ್ಡನ್ನೇ ಆರಿಸಿ. ಹೊರಡುವ ಮೊದಲು ನಿಮ್ಮ ಬ್ಯಾಂಕಿಗೆ ಹೋಗಿ, ಕಾರ್ಡು ಅಲ್ಲಿ ನಡೆಯುತ್ತದೆಯೇ, ಎಷ್ಟು ಚಾರ್ಜು ಬೀಳುತ್ತದೆ ಎಂದು ಕೇಳಿಕೊಳ್ಳಿ. ಚೀಟಿ ಓದಿ, ಆಮೇಲೆ ಒಪ್ಪಿ. ಇದನ್ನು ಪಕ್ಕದ ಮನೆಯವರಿಗೂ ಹೇಳಿ.

ಜಗುಲಿಯ ಮೇಲೆ ಹುಚ್ಚಣ್ಣ ತಲೆ ಕೆರೆದುಕೊಂಡ. “ಅಣ್ಣಯ್ಯ, ನಾನು...”

“ಬುಡ್ಲಾ.”

“ಎಂಗ್ ಬುಡ್ಲಿ? ಟೀ ಅಂಗ್ಡೀಲಿ ನಾಲ್ಕು ಜನದ ಮುಂದೆ ಆಡಿದೀನಿ.”

“ಅಂಗಾರೆ ಅದೇ ಟೀ ಅಂಗ್ಡೀಲಿ ಆ ನಾಲ್ಕು ಜನಕ್ಕೂ ಇದ್ನ ಹೇಳು,” ಅಂದಳು ಶಿವನಂಜಮ್ಮ. “ಟೀ ದುಡ್ಡು ನಿಂದೇ.”

ಹುಚ್ಚಣ್ಣ ಅಂಗಿಯ ಜೇಬಿಗೆ ಕೈ ಹಾಕಿ ಒಂದು ಸಣ್ಣ ಕವರು ತೆಗೆದ. ಅದರಲ್ಲಿದ್ದದ್ದು ವೀಸಾಕ್ಕೆ ಬೇಕಾದ ಅವನ ಎರಡು ಫೋಟೊ. ದುಡ್ಡಿನ ಲೆಕ್ಕ ಬಗೆಹರಿಯದೆ ಹೊರಡಬಾರದು ಅಂದುಕೊಂಡು, ಸ್ಟುಡಿಯೋದವನು ಇನ್ನೂ ಕೊಟ್ಟಿಲ್ಲ ಅಂತ ವಾರದಿಂದ ಸಬೂಬು ಹೇಳಿಕೊಂಡು ಬಂದಿದ್ದ. ಕವರನ್ನು ಮರಿಸ್ವಾಮಿಯ ಮುಂದಿಟ್ಟು, ಚಪ್ಪಲಿ ಮೆಟ್ಟಿಕೊಂಡು ಟೀ ಅಂಗಡಿಯ ಕಡೆಗೆ ನಡೆದ.